ಹಗುರ ಪಿಸ್ತೂಲು

ಒಂದು ಜಡೆ ಹೆಣೆದು ಮುಗಿದಿತ್ತು. ಇನ್ನೊಂದಕ್ಕೆಂದು ಮಾರ್ಲಾ ಮಗಳ ಕೂದಲನ್ನು ಮೂರು ಪಾಲು ಮಾಡಿ ಬೆರಳುಗಳ ನಡುವೆ ಹಿಡಿದುಕೊಂಡಿದ್ದಳು. ಅಷ್ಟರಲ್ಲಿ ಅಪ್ಪ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ತಲೆಗೆ ಟೋಪಿ ಇಟ್ಟಿದ್ದ. ಉಣ್ಣೆಯ ಕೋಟಿನ ಗುಂಡಿಗಳನ್ನು ಕುತ್ತಿಗೆಯವರೆಗೂ ಹಾಕಿಕೊಂಡಿದ್ದ. ಬಲ ಸೊಂಟದ ಹತ್ತಿರ ಕೋಟು ಉಬ್ಬಿತ್ತು.

“ಹೊರಡೋಣ್ವಾ?” ಅಂದ.

ಇನ್ನೂ ಎಂಟು ಗಂಟೆ ಆಗಿರಲಿಲ್ಲ. ಒಲೆಯ ಮೇಲೆ ಓಟ್ಸ್ ಗಂಜಿ ಕುದಿಯುತ್ತಿತ್ತು. ಬರ್ನೀಸಳ ಅಂಗಡಿ ತೆರೆಯುವುದೇ ಒಂಬತ್ತಕ್ಕೆ, ಇದೊಂದು ಜಡೆ ಮುಗಿಸಿಬಿಡುತ್ತೇನೆ ಎಂದು ಮಾರ್ಲಾ ಹೇಳಿದಳು. ಅಪ್ಪ ತಲೆಯಾಡಿಸಿ ಹೊರಗೆ ಹೋಗಿ ಟ್ರಕ್ಕಿನಲ್ಲಿ ಕೂತ. ಕಿಟಕಿಯಿಂದ ಅವನ ಟೋಪಿ ಕಾಣುತ್ತಿತ್ತು. ಬೀಗದ ಕೈ ಇಲ್ಲದ ಟ್ರಕ್ಕಿನಲ್ಲಿ ಅವನು ಐದು ನಿಮಿಷ ಕೂರುತ್ತಾನೆ. ಆಮೇಲೆ ಇಳಿದು ಹೆದ್ದಾರಿಯ ಕಡೆ ನಡೆದುಬಿಡುತ್ತಾನೆ. ಹೋದ ತಿಂಗಳು ಹಾಗೆಯೇ ಆಗಿತ್ತು. ಮಾರ್ಲಾ ಒಲೆ ಆರಿಸಿ ಟೆಸ್ಸಿಯ ಕೈಗೆ ಕೋಟು ಕೊಟ್ಟಳು.

“ಇನ್ನೊಂದು ಜಡೆ?” ಅಂದಳು ಟೆಸ್ಸಿ.

“ದಾರೀಲಿ ಹಾಕ್ತೀನಿ ಬಾ.”

ಅಪ್ಪ ಲಾಯ್ಡ್ ಈ ಕೌಂಟಿಯ ಪೊಲೀಸಿನಲ್ಲಿ, ಶೆರಿಫ್ ಕಚೇರಿಯಲ್ಲಿ, ಮೂವತ್ತೊಂದು ವರ್ಷ ಡೆಪ್ಯುಟಿಯಾಗಿದ್ದವನು. ಈ ಮರಳುಗುಡ್ಡಗಳ ನಡುವೆ, ಮನೆಗೂ ಮನೆಗೂ ಒಂಬತ್ತು ಹತ್ತು ಮೈಲಿ ದೂರವಿರುವ ಕಡೆ, ರಾತ್ರಿ ಹಗಲು ಒಬ್ಬನೇ ಗಾಡಿ ಓಡಿಸಿದವನು. ಕೆಲಸ ಬಿಟ್ಟ ಮೇಲೂ ಬೆಳಿಗ್ಗೆ ಗಡ್ಡ ಹೆರೆದು ಮುಖ ಒರೆಸಿಕೊಂಡವನೇ, ಉಳಿದ ಗಂಡಸರು ಕೈಗಡಿಯಾರ ಕಟ್ಟಿಕೊಳ್ಳುವ ಹಾಗೆ, ಪಿಸ್ತೂಲನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ. ಅದು ಗಿಡ್ಡ ಪಿಸ್ತೂಲು, ಲೋಹದ ಮೈಯದು. ಹೆಬ್ಬೆರಳು ಕೂರುವ ಜಾಗದಲ್ಲಿ ಕಪ್ಪು ಬಣ್ಣ ಸವೆದು ಬೆಳ್ಳಗೆ ಹೊಳೆಯುತ್ತಿತ್ತು.

ಹೋದ ತಿಂಗಳು ಅದು ಅವನ ಕೈಯಿಂದ ಜಾರಿ ಅಡುಗೆಮನೆಯ ನೆಲಕ್ಕೆ ಬಿತ್ತು. ಟೆಸ್ಸಿ ಮೇಜಿನ ಕೆಳಗೆ ಕೂತು ಚಿತ್ರದ ತುಂಡುಗಳನ್ನು ಜೋಡಿಸುತ್ತಿದ್ದಳು. ಗುಂಡು ಹಾರಲಿಲ್ಲ. ಅಪ್ಪ ತನ್ನ ಮಣಿಕಟ್ಟನ್ನು ನೋಡಿಕೊಂಡು, ಇದು ಭಾರವಾಯಿತು, ಹಗುರವಾದದ್ದು ತರಬೇಕು ಅಂದ. ಅಂದಿನಿಂದ ದಿನಕ್ಕೆರಡು ಸಲ ಅದೇ ಮಾತು.

ಮಾರ್ಲಾ ಡೆನ್ವರಿನಲ್ಲಿದ್ದ ಅಣ್ಣನಿಗೆ ಫೋನು ಮಾಡಿದ್ದಳು. ಮಣಿಕಟ್ಟಿನ ವಿಷಯ ಹೇಳಿದಳು. ಅಪ್ಪ ಒಂದು ಮಂಗಳವಾರ ಹಳೆಯ ಸಮವಸ್ತ್ರದ ಅಂಗಿ ತೊಟ್ಟು ಹೆದ್ದಾರಿಯಲ್ಲಿ ನಡೆದುಹೋಗುತ್ತಿದ್ದದ್ದು, ಎಲ್ಲಿಗೆ ಎಂದು ಕೇಳಿದರೆ ಪಾಳಿಗೆ ಹೊತ್ತಾಯಿತು ಅಂದದ್ದು, ಹೊಸ ಡೆಪ್ಯುಟಿಯೊಬ್ಬ ಮರ್ಯಾದೆಯಿಂದಲೇ ಮನೆಗೆ ತಂದು ಬಿಟ್ಟದ್ದು, ಎಲ್ಲ ಹೇಳಿದಳು. ಮನೆಯಲ್ಲಿ ಒಂಬತ್ತು ವರ್ಷದ ಮಗುವಿದೆ ಎಂದೂ ಹೇಳಿದಳು. “ಅದನ್ನ ಕಿತ್ಕೊಂಡ್ರೆ ಅಪ್ಪ ಉಳಿಯಲ್ಲ, ಮಾರ್ಲಾ. ಹಗುರದ್ದೊಂದು ಕೊಡಿಸಿಬಿಡು,” ಅಂದ ಅಣ್ಣ. ಆಮೇಲೆ ಅಲ್ಲಿ ಹಿಮ ಕರಗಿತಾ ಎಂದು ಕೇಳಿದ. ಕರಗುತ್ತಿದೆ ಅಂದಳು. ಫೋನು ಇಟ್ಟ ಮೇಲೆ ಬಹಳ ಹೊತ್ತು ಪಾತ್ರೆ ತೊಳೆದಳು, ತೊಳೆದದ್ದನ್ನೇ ಮತ್ತೆ ತೊಳೆದಳು. ಹೇಳಿಕೊಳ್ಳುವುದಕ್ಕೆ ಇನ್ನು ಯಾರೂ ಇರಲಿಲ್ಲ.

ಒಂದೇ ಒಂದು ಧೈರ್ಯವಿತ್ತು. ಅಪ್ಪನಿಗೆ ಒಂದು ನೇಮವಿತ್ತು, ಅದು ಇಡೀ ಕೌಂಟಿಗೆ ಗೊತ್ತಿತ್ತು. ಪಿಸ್ತೂಲು ಯಾರು ಕೊಟ್ಟರೂ, ಅವರು ಖಾಲಿ ಎಂದು ತೆರೆದು ತೋರಿಸಿಯೇ ಕೊಟ್ಟರೂ, ಕೈಗೆ ತೆಗೆದುಕೊಂಡವನು ತಾನೇ ಮತ್ತೆ ತೆರೆದು ಒಳಗೆ ನೋಡಬೇಕು. ಕಣ್ಣಿನಿಂದ ನೋಡಿ, ಗುಂಡು ಕೂರುವ ಜಾಗಕ್ಕೆ ಕಿರುಬೆರಳು ಹಾಕಿ ಮುಟ್ಟಿ ನೋಡಬೇಕು. ಟೆಸ್ಸಿ ಐದು ವರ್ಷದವಳಿದ್ದಾಗ ನೀರು ಚಿಮ್ಮುವ ಆಟದ ಪಿಸ್ತೂಲು ತಂದಿದ್ದಳು. ಅಪ್ಪ ಅದರ ಮುಚ್ಚಳವನ್ನೂ ತೆಗೆಸಿ ಒಳಗೆ ಇಣುಕಿಸಿದ್ದ. “ಕೊಟ್ಟೋನು ದೇವರೇ ಆದ್ರೂ ಮೊದ್ಲು ಒಳಗೆ ನೋಡು,” ಅಂದಿದ್ದ. ಮನೆಯವರೆಲ್ಲ ಅದನ್ನು ಹೇಳಿಕೊಂಡು ವರ್ಷಗಟ್ಟಲೆ ನಕ್ಕಿದ್ದರು. ಈಗ ಅಪ್ಪ ಏನೇನು ಮರೆತರೂ ಮಾರ್ಲಾ ಅವನ ಕೈಗಳನ್ನು ನೋಡುತ್ತಿದ್ದಳು. ದಿನಾ ಬೆಳಿಗ್ಗೆ ಆ ಕೈಗಳು ತೆರೆದು, ನೋಡಿ, ಮುಟ್ಟಿ, ಆಮೇಲೆ ಗುಂಡು ತುಂಬಿ ಮುಚ್ಚುತ್ತಿದ್ದವು. ಅಷ್ಟಿರುವ ತನಕ ಇರಲಿ ಎಂದು ಅವಳು ತನ್ನೊಳಗೇ ಒಂದು ಗೆರೆ ಎಳೆದುಕೊಂಡಿದ್ದಳು.

ಬರ್ನೀಸಳದು ದನದ ಮೇವಿನ ಅಂಗಡಿ. ಮುಂದೆ ಮೇವಿನ ಮೂಟೆ, ಬೇಲಿಯ ತಂತಿ, ದನಗಳು ನೆಕ್ಕುವ ಉಪ್ಪಿನ ಅಚ್ಚುಗಳು. ಹಿಂದೆ ಗಾಜಿನ ಪೆಟ್ಟಿಗೆಯಲ್ಲಿ ಬಂದೂಕು, ಪಿಸ್ತೂಲು. ಮಾರ್ಚ್ ತಿಂಗಳಾದ್ದರಿಂದ ನಡುವೆ ದೊಡ್ಡ ತಗಡಿನ ತೊಟ್ಟಿಯಲ್ಲಿ ಕೆಂಪು ದೀಪದ ಕೆಳಗೆ ಕೋಳಿಮರಿಗಳನ್ನು ಬಿಟ್ಟಿದ್ದರು. ಟೆಸ್ಸಿ ನೇರ ಅಲ್ಲಿಗೆ ಓಡಿದಳು.

ಅಂಗಡಿ ಇಡುವ ಮೊದಲು ಬರ್ನೀಸ್ ಶೆರಿಫ್ ಕಚೇರಿಯ ರೇಡಿಯೋದಲ್ಲಿ ಇಪ್ಪತ್ತು ವರ್ಷ ಕೂತವಳು. ಅಪ್ಪ ಎಲ್ಲಿದ್ದಾನೆ, ಯಾವಾಗ ಬರುತ್ತಾನೆ ಎಂಬುದು ಅಮ್ಮನಿಗಿಂತ ಮೊದಲು ಅವಳಿಗೆ ತಿಳಿಯುತ್ತಿತ್ತು.

“ಹದಿನಾಲ್ಕು, ಎಲ್ಲಿದ್ದೀಯಾ?” ಅಂದಳು ಮೇವಿನ ಮೂಟೆಗಳ ಹಿಂದಿನಿಂದಲೇ. ಅದು ಅಪ್ಪನ ರೇಡಿಯೋ ನಂಬರು.

“ಹದಿನಾಲ್ಕು, ನಿನ್ನೆದುರಿಗೇ ಇದೆ,” ಅಂದ ಅಪ್ಪ. ಅವನ ಬೆನ್ನು ನೆಟ್ಟಗಾಯಿತು.

ಬಂದ ಕೆಲಸ ಹೇಳಿದಾಗ ಬರ್ನೀಸ್ ಸೊಂಟದ ಮೇಲೆ ಕೈಯಿಟ್ಟುಕೊಂಡಳು. “ಹಗುರದ್ದು ಅಂದ್ರೆ ಪ್ಲಾಸ್ಟಿಕ್ಕಿಂದು. ಅದು ಬೇಕಂತೆ ಇವನಿಗೆ. ಬಾಚಣಿಗೆ ಮಾಡೋ ಸಾಮಾನಲ್ಲಿ ಪಿಸ್ತೂಲು ಮಾಡ್ತಾರೆ ಅಂತ ಊರೆಲ್ಲಾ ಆಡ್ಕೊಂಡು ತಿರುಗ್ತಿದ್ದೋನು ಯಾರಪ್ಪಾ?”

“ಆಗ ನಂಗೆ ಬಾಚ್ಕೊಳ್ಳೋಕೆ ಕೂದ್ಲಿತ್ತು.”

ಬರ್ನೀಸ್ ನಕ್ಕು ಗಾಜಿನ ಪೆಟ್ಟಿಗೆಯ ಬೀಗ ತೆಗೆದಳು. ಆ ಹೊತ್ತಿಗೆ ಗೋಡೆಯ ಫೋನು ಬಡಿದುಕೊಂಡಿತು. ಯಾರೋ ಮರಿಗಳು ಬಂದವಾ ಎಂದು ಕೇಳಿದರು, ಬಂದಿವೆ ಎಂದು ಹೇಳಿ ಇಟ್ಟಳು. ಆಮೇಲೆ ಹಸಿರು ಬಟ್ಟೆ ಹಾಸಿ ಎರಡು ಪಿಸ್ತೂಲುಗಳನ್ನು ಒಂದೊಂದಾಗಿ ತೆಗೆದು, ಒಳಗೆ ನೋಡಿ, ಅಪ್ಪನಿಗೂ ತೋರಿಸಿ, ಮುಚ್ಚಿ ಇಟ್ಟಳು. ಒಂದು ಲೋಹದ ಮೈಯದು, ಅಪ್ಪನದೇ ಜಾತಿ, ಒಂದು ಚೂರು ಸಣ್ಣದು. ಇನ್ನೊಂದು ಪಾಲಿಮರ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನದು, ಹೊಳಪಿಲ್ಲದ ಕಪ್ಪು. ಲೋಹದ್ದು ಭಾರ, ಆದರೆ ಹಾರಿಸುವಾಗ ಕೈಗೆ ಅಷ್ಟು ಒದೆಯುವುದಿಲ್ಲ, ಹಗುರದ್ದು ಸ್ವಲ್ಪ ಒದೆಯುತ್ತದೆ ಎಂದು ವಿವರಿಸಿದಳು. “ಆದ್ರೆ ದಿನವಿಡೀ ಇಟ್ಕೊಂಡಿರೋಕೆ ಇದೇ ಸುಖ. ಸೊಂಟದಲ್ಲಿರೋದೇ ಮರ್ತುಹೋಗುತ್ತೆ.”

ಮಾರ್ಲಾ ಉಪ್ಪಿನ ಅಚ್ಚುಗಳ ಕಡೆ ನೋಡಿದಳು.

ಅಪ್ಪ ಮೊದಲು ಲೋಹದ್ದನ್ನು ಎತ್ತಿದ. ಎತ್ತಿದ ಕೂಡಲೇ ಕೈಗಳು ತಮ್ಮ ಕೆಲಸ ಮಾಡಿದವು. ಗುಂಡಿನ ಡಬ್ಬಿ ಹೊರಗೆ, ಪಿಸ್ತೂಲಿನ ಮೇಲ್ಭಾಗದ ಸ್ಲೈಡು ಹಿಂದಕ್ಕೆ, ಒಳಗೊಂದು ನೋಟ, ಕಿರುಬೆರಳು. ಮೂತಿ ನೆಲದ ಕಡೆಗೇ ಇತ್ತು. ಗೆರೆಯ ಈಚೆಗೇ ಇದ್ದಾನೆ ಅಂದುಕೊಂಡಳು ಮಾರ್ಲಾ. ಗೋಡೆಯ ಕಡೆ ತಿರುಗಿ ಅಪ್ಪ ಅದನ್ನು ಎತ್ತಿ ಹಿಡಿದ. ಒಂದು, ಎರಡು, ಮೂರು ಎಣಿಸುವಷ್ಟರಲ್ಲಿ ಮಣಿಕಟ್ಟು ನಡುಗಿ ಮೂತಿ ಬಾಗಿತು. ಅಪ್ಪ ಅದನ್ನು ಮೆಲ್ಲಗೆ ಬಟ್ಟೆಯ ಮೇಲಿಟ್ಟ.

ಆಮೇಲೆ ಹಗುರದ್ದನ್ನು ಎತ್ತಿದ. ಅವನ ಹುಬ್ಬು ಮೇಲಕ್ಕೆ ಹೋಯಿತು. ಅಂಗೈಯಲ್ಲಿಟ್ಟು ತೂಗಿ ನೋಡಿದ, ಮಾರುಕಟ್ಟೆಯಲ್ಲಿ ಒಂದು ಹಣ್ಣನ್ನು ತೂಗಿ ನೋಡುವ ಹಾಗೆ. ಕೈ ನೀಡಿ ಅದನ್ನು ಎತ್ತಿದ. ಕೈ ನಡುಗಲಿಲ್ಲ. ಖುಷಿಯಿಂದ, ಹಾಗೆ ಹಿಡಿದುಕೊಂಡೇ, ಮಾರ್ಲಾಳಿಗೆ ತೋರಿಸುವವನಂತೆ ತಿರುಗಿದ. ಮೂತಿ ಮಾರ್ಲಾಳ ಹೊಟ್ಟೆಯನ್ನು ದಾಟಿ, ಮೇವಿನ ಮೂಟೆಗಳನ್ನು ದಾಟಿ, ಕೆಂಪು ದೀಪದ ಕಡೆ ಹೋಗಿ ನಿಂತಿತು. ಅಲ್ಲಿ ಟೆಸ್ಸಿ ಒಂದು ಮರಿಯನ್ನು ಎರಡು ಅಂಗೈಗಳ ನಡುವೆ ಹಿಡಿದು ಅಜ್ಜನನ್ನೇ ನೋಡುತ್ತಿದ್ದಳು.

ಟಕ್ ಎಂದಿತು, ಅಪ್ಪನ ಬೆರಳು ಟ್ರಿಗರ್ ಒತ್ತಿತ್ತು.

ತೊಟ್ಟಿಯಲ್ಲಿ ಕೋಳಿಮರಿಗಳು ಚಿಲಿಪಿಲಿಗುಟ್ಟುತ್ತಲೇ ಇದ್ದವು. ಬೇಲಿಯ ತಂತಿ ಅಳೆಯುತ್ತಿದ್ದ ಒಬ್ಬ ರೈತ ಅಳೆಯುವುದನ್ನು ನಿಲ್ಲಿಸಿ, ಆಮೇಲೆ ಬೂಟಿನ ತುದಿಯನ್ನು ನೋಡತೊಡಗಿದ. ಬರ್ನೀಸಳ ಎರಡೂ ಕೈಗಳು ಗಾಜಿನ ಮೇಲೆ ಚಪ್ಪಟೆಯಾಗಿ ಇದ್ದವು.

“ಹಗುರವಾಗಿದೆ,” ಅಂದ ಅಪ್ಪ. “ಕೈಯಲ್ಲಿ ಏನೂ ಇಲ್ದಂಗಿದೆ. ಇದೇ ಇರ್ಲಿ.”

ಟೆಸ್ಸಿಯ ಬಾಯಿ ತೆರೆಯಿತು. ಮಾರ್ಲಾ ತಲೆಯಾಡಿಸಿದಳು, ಬೇಡ ಎಂದು. ಬಾಯಿ ಮುಚ್ಚಿತು.

ಬರ್ನೀಸ್ ಅವಸರ ಮಾಡದೆ ಕೈ ನೀಡಿದಳು. ಅಪ್ಪ ಕೊಟ್ಟ. ಅದನ್ನು ಗಾಜಿನ ಪೆಟ್ಟಿಗೆಯೊಳಗೆ ಇಟ್ಟು ಬೀಗ ಹಾಕಿದ ಮೇಲೆಯೇ ಅವಳು ಮಾತಾಡಿದ್ದು. ಕೊಳ್ಳುವವರ ಹೆಸರು ಸರ್ಕಾರಕ್ಕೆ ಫೋನಿನಲ್ಲಿ ಹೇಳಿ ಒಪ್ಪಿಗೆ ಪಡೆಯಬೇಕಲ್ಲ, ಬೆಳಗ್ಗೆಯಿಂದ ಫೋನೇ ಸತ್ತುಬಿಟ್ಟಿದೆ, ಇವತ್ತು ಆಗುವುದಿಲ್ಲ ಅಂದಳು. ಅವಳ ಭುಜದ ಹಿಂದೆ ಗೋಡೆಯ ಫೋನಿನ ಪುಟ್ಟ ದೀಪ ಹಸಿರಾಗಿ ಉರಿಯುತ್ತಿತ್ತು. ಅಪ್ಪ ಅದನ್ನು ನೋಡಿದನೋ ಇಲ್ಲವೋ ಮಾರ್ಲಾಳಿಗೆ ತಿಳಿಯಲಿಲ್ಲ.

“ಸೊಂಟದಲ್ಲಿರೋ ಹಳೇದನ್ನ ಬಿಟ್ಟುಹೋಗು ಲಾಯ್ಡ್. ಅದರ ಸ್ಪ್ರಿಂಗು ಸೋತಿರುತ್ತೆ. ಬದಲಾಯಿಸಿ ಇಟ್ಟಿರ್ತೀನಿ.”

ಅಪ್ಪ ಬರ್ನೀಸಳ ಮುಖ ನೋಡಿದ. ಮಾರ್ಲಾಳ ಮುಖ ನೋಡಿದ. ಕೋಟಿನ ಗುಂಡಿಗಳನ್ನು ಮೇಲಿನಿಂದ ಒಂದೊಂದಾಗಿ ಬಿಚ್ಚುವುದಕ್ಕೆ ಬಹಳ ಹೊತ್ತು ಹಿಡಿಯಿತು, ಯಾರೂ ಸಹಾಯಕ್ಕೆ ಹೋಗಲಿಲ್ಲ. ಹಳೆಯ ಪಿಸ್ತೂಲು ಹೊರಗೆ ಬಂತು. ಡಬ್ಬಿ ಹೊರಗೆ. ಸ್ಲೈಡು ಹಿಂದಕ್ಕೆ. ಒಂದು ಗುಂಡು ಹಾರಿ ಬಟ್ಟೆಯ ಮೇಲೆ ಬಿದ್ದು ಉರುಳಿತು. ಅಪ್ಪ ಒಳಗೆ ನೋಡಿದ. ಕಿರುಬೆರಳು ಹಾಕಿ ಮುಟ್ಟಿದ. ತಪ್ಪಿಲ್ಲ, ತಡೆಯಿಲ್ಲ.

“ಖಾಲಿ,” ಅಂದ.

ಬರ್ನೀಸ್ ಬಾಗಿ ನೋಡಿದಳು. “ಖಾಲಿ,” ಎಂದು ಅವನ ಮಾತನ್ನೇ ತಿರುಗಿ ಹೇಳಿದಳು, ರೇಡಿಯೋದಲ್ಲಿ ಹೇಳುತ್ತಿದ್ದ ಹಾಗೆ.

“ಎಷ್ಟು ದಿನ?”

“ನಾನೇ ಕರೀತೀನಿ, ಹದಿನಾಲ್ಕು. ಕರೆಯೋವರೆಗೂ ಇದ್ದಲ್ಲೇ ಇರು.”

ಅಪ್ಪ ಕೋಟಿನ ಗುಂಡಿಗಳನ್ನು ಮತ್ತೆ ಹಾಕಿಕೊಂಡ. “ಹದಿನಾಲ್ಕು, ಇದ್ದಲ್ಲೇ ಇರುತ್ತೆ,” ಅಂದ.

ಅವನು ಹೊರಗೆ ಹೋದ ಮೇಲೆ ಬರ್ನೀಸ್ ಮಾರ್ಲಾಳ ಮೊಣಕೈ ಹಿಡಿದುಕೊಂಡು, ಮನೆಯಲ್ಲಿ ಇನ್ನೇನೇನು ಇದೆ ಎಂದು ಮೆಲ್ಲಗೆ ಕೇಳಿದಳು. ಎರಡು ರೈಫಲ್, ಬೀರುವಿನಲ್ಲಿ, ಅಂದಳು ಮಾರ್ಲಾ. ನಾಳೆ ಚರ್ಚು ಮುಗಿಸಿಕೊಂಡು ಊಟಕ್ಕೆ ಬರುತ್ತೇನೆ, ಟ್ರಕ್ಕಿನಲ್ಲಿ ಅವಕ್ಕೆ ಜಾಗ ಮಾಡಿಕೊಂಡು ಬರುತ್ತೇನೆ ಅಂದಳು ಬರ್ನೀಸ್. ಯಾರಾದರೂ ತನ್ನನ್ನು ಹೀಗೆ ಹಿಡಿದುಕೊಂಡು ಎಷ್ಟು ಕಾಲವಾಗಿತ್ತು ಎಂದು ಮಾರ್ಲಾಳಿಗೆ ಅನಿಸಿತು.

ಟ್ರಕ್ಕಿನಲ್ಲಿ ಮೂವರೂ ಒಂದೇ ಸೀಟಿನಲ್ಲಿ ಕೂತರು, ಟೆಸ್ಸಿ ನಡುವೆ. ಹೆದ್ದಾರಿಯ ಎರಡೂ ಬದಿಗೆ ಒಣಹುಲ್ಲಿನ ಗುಡ್ಡಗಳು, ತಗ್ಗುಗಳಲ್ಲಿ ಕೊಳೆಯಾದ ಹಿಮ. ಗಾಳಿ ಟ್ರಕ್ಕನ್ನು ಪಕ್ಕಕ್ಕೆ ತಳ್ಳುತ್ತಿತ್ತು. ಟೆಸ್ಸಿ ಒಮ್ಮೆ “ಅಜ್ಜಾ” ಎಂದಾಗ ಮಾರ್ಲಾ ರೇಡಿಯೋ ಹಾಕಿದಳು. ದನದ ಧಾರಣೆ ಓದುತ್ತಿದ್ದರು. ಇನ್ನೊಮ್ಮೆ “ಅಜ್ಜಾ” ಎಂದಾಗ ಮಾರ್ಲಾ, ಹೊಟ್ಟೆ ಹಸಿದಿರಬೇಕಲ್ಲವಾ, ಗಂಜಿ ಹಾಗೇ ಇದೆ ಅಂದಳು. ಟೆಸ್ಸಿ ಹೌದು ಅಂದಳು. ಅಪ್ಪನ ಬಲಗೈ ಕೋಟಿನ ಮೇಲೆ, ಸೊಂಟದ ಹತ್ತಿರ, ಪಿಸ್ತೂಲಿನ ಖಾಲಿ ಚರ್ಮದ ಚೀಲದ ಮೇಲೆ ಇತ್ತು.

ಮನೆಯ ದಾರಿಯಲ್ಲಿ ದನದ ಗೇಟು ಬಂತು. ಕಿಟಕಿಯ ಕಡೆ ಕೂತವರು ಇಳಿದು ತೆಗೆಯಬೇಕು. ಅಪ್ಪ ಇಳಿದ, ಸರಪಳಿ ಬಿಚ್ಚಿ ಗೇಟನ್ನು ತಳ್ಳಿಕೊಂಡು ಹೋದ. ಮಾರ್ಲಾ ಟ್ರಕ್ಕನ್ನು ದಾಟಿಸಿ ನಿಲ್ಲಿಸಿದಳು.

ಹಿಂದಿನ ಗಾಜಿನಲ್ಲಿ ಇಬ್ಬರೂ ನೋಡಿದರು. ಅಪ್ಪ ಗೇಟು ಮುಚ್ಚಿದ. ಸರಪಳಿ ಸುತ್ತಿ ಕೊಂಡಿ ಹಾಕಿದ. ಎಳೆದು ನೋಡಿದ. ಎರಡು ಹೆಜ್ಜೆ ಬಂದವನು ಮತ್ತೆ ತಿರುಗಿ ಹೋಗಿ ಇನ್ನೊಮ್ಮೆ ಎಳೆದು ನೋಡಿದ.

ಮಾರ್ಲಾ ಮಗಳ ಬಿಚ್ಚಿದ ಕೂದಲನ್ನು ಮೂರು ಪಾಲು ಮಾಡಿ ಹೆಣೆಯತೊಡಗಿದಳು. ಅಜ್ಜನನ್ನು ಏನೂ ಕೇಳಬೇಡ ಎಂದು ಹೇಳುವುದಕ್ಕೆ ಈಗ ಹೊತ್ತಿತ್ತು. ಒಂದು ಮಾತು ಸಾಕಿತ್ತು. ಅವಳು ಒಂದರ ಮೇಲೊಂದು ಎಳೆ ದಾಟಿಸುತ್ತ ಹೋದಳು.

ಬಾಗಿಲು ತೆರೆಯಿತು, ಗಾಳಿಯ ಜೊತೆ ಅಪ್ಪ ಒಳಗೆ ಬಂದು ಕೂತ. ಅವನ ಮೀಸೆಯಲ್ಲಿ ಮರಳಿನ ಪುಡಿ ಇತ್ತು. ಟೆಸ್ಸಿ ತಲೆಯನ್ನು ಅವನ ಕಡೆ ತಿರುಗಿಸಿದಳು, ಅರ್ಧ ಹೆಣೆದ ಜಡೆ ಮಾರ್ಲಾಳ ಬೆರಳುಗಳಿಂದ ಜಾರಿ ಬಿಚ್ಚಿಕೊಂಡಿತು.

“ಅಜ್ಜಾ, ನೀನ್ಯಾಕೆ ಒಳಗೆ ನೋಡ್ಲಿಲ್ಲ?”