ವಾಲ್ವ್ ಪೆಟ್ಟಿಗೆ ಹಾಡಿದ ಶುಕ್ರವಾರ

ಒಂದು ವರ್ಷದಿಂದ ಉಸ್ತಾದ್ ರುಷ್ದಿಯವರ ಮನೆಯ ರೆಕಾರ್ಡುಗಳಿಗೆಲ್ಲ ನೆಗಡಿ ಹಿಡಿದಿತ್ತು. ಪಿಟೀಲು ಕಂಬಳಿ ಹೊದ್ದುಕೊಂಡು ನುಡಿಯುತ್ತಿತ್ತು, ದಫ್ಫಿನ ಬಿಲ್ಲೆಗಳು ಸದ್ದೇ ಮಾಡುತ್ತಿರಲಿಲ್ಲ. ಬಾಲ್ಕನಿಯ ಕ್ಯಾನರಿ ಹಕ್ಕಿಯೂ ಹಾಡು ಬಿಟ್ಟಿತ್ತು. ಪಾಪ, ಅದಕ್ಕೆ ವಯಸ್ಸಾಯಿತು ಎಂದು ಉಸ್ತಾದರು ಒಳಗೊಳಗೇ ಮರುಗಿದ್ದರು. ರೆಕಾರ್ಡುಗಳ ರೋಗಕ್ಕೆ ಮಾತ್ರ ಅವರ ಬಳಿ ಖಚಿತ ಕಾರಣವಿತ್ತು: ಹಳೆಯ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್.

"ಒಂದ್ಸಲ ಕಿವಿ ಡಾಕ್ಟರಿಗೆ ತೋರಿಸಬಾರದಾ?" ಎಂದು ಹೆಂಡತಿ ಬಹಿಯಾ ಕೇಳಿದ್ದಳು.

"ಯಾರ ಕಿವಿ? ನನ್ನ ಕಿವೀನಾ? ಕೈರೋದ ಅರ್ಧ ಗಾಯಕರು ಈ ಕಿವಿ ನಂಬಿ ಹಾಡಿದಾರೆ ಕಣೇ!"

ಅದು ಸುಳ್ಳಲ್ಲ. ಸ್ಟುಡಿಯೋದಲ್ಲಿ ಮೂವತ್ತೆರಡು ವರ್ಷ ಧ್ವನಿಮುದ್ರಣ ಮಾಡಿದವರು ಅವರು. ನಿವೃತ್ತರಾದ ಮೇಲೂ ಶುಕ್ರವಾರದ ನಮಾಜು ಮುಗಿಸಿ ಗೆಳೆಯರು ಶುಬ್ರಾ ಬಡಾವಣೆಯ ಈ ಮನೆಗೆ ಹಾಡು ಕೇಳಲು ಬರುತ್ತಿದ್ದರು. ಯಾವ ಗಾಯಕಿಯ ಯಾವ ಸ್ವರ ಕೂದಲೆಳೆಯಷ್ಟು ಜಾರಿತು ಎಂದು ಉಸ್ತಾದರು ತೀರ್ಪು ಕೊಡುವವರು, ಉಳಿದವರು ತಲೆಯಾಡಿಸುವವರು. ಆ ಕಿವಿಯೊಂದು ಹೋದರೆ ಅವರು ಪಿಂಚಣಿ ತಿನ್ನುವ ಒಬ್ಬ ಮುದುಕ, ಅಷ್ಟೆ. ಇದು ಬಹಿಯಾಳಿಗೂ ಗೊತ್ತಿತ್ತು. ಹಾಗಾಗಿ ಅವಳು ಎರಡನೇ ಸಲ ಕೇಳಲಿಲ್ಲ.

ಕೊನೆಗೆ ಮನೆಗೆ ಗಾಜಿನ ಬುರುಡೆಗಳ ವಾಲ್ವ್ ಆಂಪ್ಲಿಫೈಯರ್ ಬಂತು. ದೊಡ್ಡ ಸ್ಪೀಕರುಗಳನ್ನು ಒಂಟಿಯಾಗಿ ನುಡಿಸುವ ಕಸುವು ಅದಕ್ಕಿಲ್ಲದ್ದರಿಂದ ಹಳೆಯದನ್ನು ಆಚೆ ಹಾಕುವಂತಿರಲಿಲ್ಲ. ರೆಕಾರ್ಡ್ ಪ್ಲೇಯರಿನಿಂದ ವಾಲ್ವಿಗೆ, ವಾಲ್ವಿನಿಂದ ಟ್ರಾನ್ಸಿಸ್ಟರಿಗೆ, ಅಲ್ಲಿಂದ ಸ್ಪೀಕರಿಗೆ ಎಂದು ಉಸ್ತಾದರು ಮೂರು ದಿನ ನೆಲದ ಮೇಲೆ ಮಲಗಿ ತಂತಿ ಜೋಡಿಸಿದರು.

"ಹೊಸ ಸೊಸೇನ ಹಳೇ ಅತ್ತೆ ಜೊತೆ ಒಂದೇ ಅಡುಗೆಮನೇಲಿ ಬಿಟ್ಟಂಗಾಯ್ತು, ಉಸ್ತಾದ್ರೇ," ಎಂದಳು ಬಹಿಯಾ.

"ಹೊಂದಿಸೋನು ಇರ್ಬೇಕು, ಹೊಂದ್ಕೊಳ್ತಾವೆ."

ಗುರುವಾರ ಸಂಜೆ ಸ್ವಿಚ್ ಹಾಕಿದರು. ವಾಲ್ವುಗಳು ಮೆಲ್ಲಗೆ ಕೆಂಪಾದವು. ಅಡುಗೆಮನೆಯಲ್ಲಿದ್ದ ಬಹಿಯಾಳ ಕಿವಿಗೆ ಸೂಜಿ ಚುಚ್ಚಿದಂತೆ ಒಂದು ಸಣ್ಣ ಕೀರಲು ಸದ್ದು ನುಗ್ಗಿತು. ಗ್ಯಾಸೋ, ಫ್ರಿಜ್ಜೋ ಎಂದು ಹುಡುಕಿ, ಕೊನೆಗೆ ಹಜಾರಕ್ಕೆ ಓಡಿಬಂದಳು. ಸದ್ದು ಸ್ಪೀಕರಿನಿಂದಲೇ ಬರುತ್ತಿತ್ತು. ಅದರ ಎದುರು ಉಸ್ತಾದರು ರೆಕಾರ್ಡು ಹಾಕಿಕೊಂಡು, ಕಣ್ಣು ಮುಚ್ಚಿ, ವರ್ಷದಿಂದ ಕಾಣದಿದ್ದ ನಗು ಹೊತ್ತು ಕೂತಿದ್ದರು. ಬಾಯಿಗೆ ಬಂದದ್ದನ್ನು ನುಂಗಿಕೊಂಡು ವಾಪಸು ಹೋದಳು.

ಮಾರನೆಯ ದಿನ ಗೆಳೆಯರು ಬಂದರು: ಹಲ್ಲಿನ ಡಾಕ್ಟರ್ ಮಮ್ದೂಹ್, ಸೋಫಾ ಹೊಲಿಯುವ ಹಾಜಿ ಶೌಕಿ. ಪುದೀನಾ ಚಹಾ ಬಂತು, ರವೆಯ ಸಿಹಿ ಬಸ್ಬೂಸಾ ಬಂತು, ಹಾಡು ಶುರುವಾಯಿತು. ಮಮ್ದೂಹ್ ಮೊದಲ ಕ್ಷಣದಲ್ಲೇ ದವಡೆ ಹಿಡಿದುಕೊಂಡರು, ಬಹುಶಃ ತಮ್ಮ ಡ್ರಿಲ್ಲು ನೆನಪಾಗಿರಬೇಕು. ಹಾಜಿ ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡರು. ಆದರೆ ಕೈಯಲ್ಲಿ ಉಸ್ತಾದರ ಮನೆಯದೇ ಚಹಾ. ಯಾರು ಬಾಯಿ ಬಿಟ್ಟಾರು?

"ಅಲ್ಲಾಹ್!" ಎಂದು ಕೂಗಿದರು ಹಾಜಿ.

"ಅಲ್ಲಾಹ್, ಅಲ್ಲಾಹ್!" ಎಂದು ಡಾಕ್ಟರು ಇನ್ನೂ ಜೋರಾಗಿ ಕೂಗಿದರು. ಕೂಗಿದಷ್ಟು ಹೊತ್ತಾದರೂ ಕೀರಲು ಮುಚ್ಚಿಹೋಗುತ್ತಿತ್ತು.

ಇಂಥ ಮೆಚ್ಚುಗೆ ಈ ಹಜಾರ ಕಂಡಿರಲಿಲ್ಲ. ಉಸ್ತಾದರು ಉಬ್ಬಿಹೋದರು. "ಹೇಳಿ, ಹಳೇ ಪೆಟ್ಟಿಗೇಲಿ ಇದೆಲ್ಲ ಕೇಳ್ತಿತ್ತಾ?"

"ದೇವರಾಣೆ ಇಲ್ಲ, ಉಸ್ತಾದ್," ಎಂದರು ಹಾಜಿ, ಮನಸ್ಸಾರೆ.

ರೆಕಾರ್ಡು ಮುಗಿಯಿತು. ಉಸ್ತಾದರು ಮುಳ್ಳೆತ್ತಿ ತಿರುಗಿದರು. ಹಾಡು ನಿಂತಿದ್ದರೂ ಹಾಜಿಯ ಬೆರಳು ಮಾತ್ರ ಟೋಪಿಯ ಕೆಳಗೆ ಕಿವಿಯೊಳಗೇ ಇತ್ತು.

ಉಸ್ತಾದರು ಒಂದು ಗಳಿಗೆ ನೋಡಿದರು. ಆಮೇಲೆ ವಾಲ್ವಿನ ದನಿಯ ಗುಂಡಿಯನ್ನು ಪೂರ್ತಿ ಇಳಿಸಿದರು. ಹಾಜಿಯ ಬೆರಳು ಇಳಿಯಿತು. ಏರಿಸಿದರು. ಬೆರಳು ಏರಿತು. ಮೂವತ್ತೆರಡು ವರ್ಷ ತಂತಿಗಳ ದೋಷ ಹುಡುಕಿದ ಕ್ರಮ ಅದೇ: ಒಂದು ಸಲವಾದರೆ ಅನುಮಾನ, ಮೂರು ಸಲವಾದರೆ ಖಾತ್ರಿ. ಮೂರನೆಯ ಸಲವೂ ಮಾಡಿ ನೋಡಿ, ಸ್ವಿಚ್ ಆರಿಸಿದರು.

ತೆರೆದ ಬಾಗಿಲಿನಾಚೆ ಬಾಲ್ಕನಿಯ ಪಂಜರ ಕಾಣುತ್ತಿತ್ತು. ಕ್ಯಾನರಿಯ ಕೊಕ್ಕು ತೆರೆದಿತ್ತು, ಗಂಟಲು ಪಟಪಟ ಹೊಡೆದುಕೊಳ್ಳುತ್ತಿತ್ತು. ಉಸ್ತಾದರು ಎದ್ದುಹೋಗಿ ಸರಳಿಗೆ ಕಿವಿಯಿಟ್ಟರು. ಕೆಳಗಿನ ಬೀದಿಯಲ್ಲಿ ಬಸ್ಸು ಗುಡುಗಿದ್ದು ಕೇಳಿಸಿತು, ಹಕ್ಕಿ ಕೇಳಿಸಲಿಲ್ಲ.

"ಬಹಿಯಾ, ಇದು ಯಾವಾಗಿಂದ ಮತ್ತೆ ಹಾಡೋಕೆ ಶುರು ಮಾಡ್ತು?"

ಬಹಿಯಾ ಚಹಾದ ತಟ್ಟೆ ಕೆಳಗಿಟ್ಟಳು. "ಅದು ನಿಲ್ಸೇ ಇರ್ಲಿಲ್ಲ ರೀ."

ಉಸ್ತಾದರು ಮತ್ತೆ ಆ ಪುಟ್ಟ ಗಂಟಲನ್ನು ನೋಡಿದರು. ಆಮೇಲೆ, ಬದುಕಿನಲ್ಲಿ ಯಾರನ್ನೂ ಕೇಳಿರದ ಪ್ರಶ್ನೆಯನ್ನು ಹೆಂಡತಿಯನ್ನು ಕೇಳಿದರು.

"ಶ್ರುತಿಯಲ್ಲಿದೆಯಾ?"