ನಾಲಗೆ ಕಟ್ಟಿಸಿಕೊಂಡ ಗಂಟೆ

ನಾನು ಒಂದು ಕಂಚಿನ ಕೈಗಂಟೆ. ಹುಟ್ಟು ಪುಕ್ಕಲು. ಕರಗಿದ ಲೋಹವನ್ನು ಕಂಚುಗಾರ ಮಣ್ಣಿನ ಅಚ್ಚಿಗೆ ಸುರಿದಾಗಲೇ ನನ್ನ ಅರ್ಧ ಜೀವ ಹೋಗಿತ್ತು. ಒಳಗೆ ಕಬ್ಬಿಣದ ನಾಲಗೆ ತೂಗುಹಾಕಿ ಒಮ್ಮೆ ಅಲ್ಲಾಡಿಸಿದ, ಉಳಿದರ್ಧವೂ ಹೋಯಿತು. ನನ್ನ ಸದ್ದಿಗೆ ನಾನೇ ಬೆಚ್ಚಿಬೀಳುತ್ತೇನೆ. ಈ ಸಂಕಟವನ್ನು ಯಾರ ಹತ್ತಿರ ಹೇಳಲಿ?

ಮಂಗಳೂರಿನ ಒಂದು ಹೆಣ್ಣುಮಕ್ಕಳ ಶಾಲೆ ನನ್ನನ್ನು ಕೊಂಡಿತು. ಅಲ್ಲಿ ಅಪೊಲಿನ್ ತಾವ್ರೊ ಎಂಬ ಟೀಚರ್ ಇದ್ದರು. ಮನೆಯವರು ಹೊರಗೆ ಹಾಕಿದ ಕುಷ್ಠರೋಗದ ಹೆಂಗಸರನ್ನು ನೋಡಿಕೊಳ್ಳುತ್ತೇನೆಂದು ಅವರು ಕೆಲಸ ಬಿಟ್ಟಾಗ, ಹೆಡ್‌ಮಿಸ್ಟ್ರೆಸ್ ನನ್ನನ್ನೇ ಉಡುಗೊರೆ ಕೊಟ್ಟುಬಿಟ್ಟರು. ದಾರಿಯುದ್ದಕ್ಕೂ ಅವರ ಚೀಲದಲ್ಲಿ ನಡುಗುತ್ತ ಕುಳಿತಿದ್ದೆ.

ಹೊಳೆದಂಡೆಯಲ್ಲಿ ತೆಂಗಿನ ಮಡಲು ಹೊದಿಸಿದ ಒಂದು ಗುಡಿಸಲು, ಪಕ್ಕದಲ್ಲಿ ಹಂಚಿನ ಪುಟ್ಟ ಪ್ರಾರ್ಥನಾಮಂದಿರ. ಗುಡಿಸಲಿನಲ್ಲಿ ಏಳು ಮಂದಿ ರೋಗಿಗಳು. ಕೈಕಾಲು ಸವೆದವರು, ಯಾರಾದರೂ ಎತ್ತಿಕೊಳ್ಳದೆ ಹೊರಗೆ ಬರಲಾರದವರು. ಅಪೊಲಿನರ ಜೊತೆ ಇನ್ನಿಬ್ಬರು ಸಿಸ್ಟರುಗಳು, ಹಾಗೂ ಸಿಸ್ಟರ್ ಆಗುವ ವ್ರತ ತೊಡಲು ಕಾದಿದ್ದ ಕೊಸೆಸ್ ಎಂಬ ಹುಡುಗಿ ಸೇರಿಕೊಂಡರು. ಎಲ್ಲರೂ ಅಪೊಲಿನರನ್ನು ಅಮ್ಮ ಎನ್ನುತ್ತಿದ್ದರು. ಅವರದೊಂದು ಹೊಸ ಸಭೆ, ಅಂದರೆ ಸನ್ಯಾಸಿನಿಯರ ಸಂಘ, ಆಗಬೇಕು, ಅದಕ್ಕೆ ಬಿಷಪರ ಒಪ್ಪಿಗೆ ಬೇಕು. ಈ ಹೆಂಗಸರು ಇಗರ್ಜಿಯ ನಿಯಮ ಸರಿಯಾಗಿ ಪಾಲಿಸುತ್ತಾರೋ ಇಲ್ಲವೋ ನೋಡಲು ಈಸ್ಟರಿನ ಮರುದಿನ ಫಾದರ್ ಮಸ್ಕರೇನ್ಹಸ್ ಬರುವವರಿದ್ದರು. ತಪ್ಪು ಕಂಡರೆ ಸಿಸ್ಟರುಗಳೆಲ್ಲ ಮನೆಗೆ, ರೋಗಿಗಳು ಮತ್ತೆ ಬೀದಿಗೆ.

ಪವಿತ್ರ ಗುರುವಾರ ಸಂಜೆ ಕೊಸೆಸ್ ನನ್ನ ನಾಲಗೆಗೆ ಬಟ್ಟೆ ಸುತ್ತಿ ಬಿಗಿಯಾಗಿ ಕಟ್ಟಿದಳು. ಯೇಸುವಿನ ಸಾವಿನ ದುಃಖಕ್ಕಾಗಿ ಈಸ್ಟರಿನವರೆಗೆ ಗಂಟೆ ಬಾರಿಸುವ ಹಾಗಿಲ್ಲ. ಆ ದಿನಗಳಲ್ಲಿ ಪ್ರಾರ್ಥನೆಗೆ ಕರೆಯಲು ಕಟಕಟ ಎನ್ನುವ ಮರದ ಹಲಗೆ ಇರುತ್ತದೆ. ನನಗೂ ಸುಮ್ಮನಿರುವುದೇ ಬೇಕಿತ್ತು. ವರ್ಷದಲ್ಲಿ ಈ ಎರಡು ಮೂರು ದಿನ ಮಾತ್ರ ನಾನು ನೆಮ್ಮದಿಯಾಗಿ ಉಸಿರಾಡುತ್ತಿದ್ದೆ.

ಶುಭ ಶುಕ್ರವಾರ ಮಧ್ಯಾಹ್ನ ಮೂರು ಗಂಟೆ. ಗಾಯದ ಬಟ್ಟೆ ಕುದಿಸುವ ಒಲೆಯಿಂದ ಹಾರಿದ ಒಂದು ಕಿಡಿ ಗುಡಿಸಲಿನ ಮಡಲಿನ ಮಾಡಿಗೆ ತಾಗಿತು. ಪ್ರಾರ್ಥನಾಮಂದಿರದ ಕಿಟಕಿಯ ಅಂಚಿನಲ್ಲಿದ್ದ ನನಗೆ ಎಲ್ಲವೂ ಕಾಣುತ್ತಿತ್ತು. ಅಯ್ಯೋ, ಜೀವ ಬಾಯಿಗೆ ಬಂತು! ಅಮ್ಮ ಮತ್ತು ಇಬ್ಬರು ಸಿಸ್ಟರುಗಳು ರೋಗಿಗಳನ್ನು ಎತ್ತಿ ತರಲು ಒಳಗೆ ನುಗ್ಗಿದರು. ಕೊಸೆಸ್ ಅಂಗಳದಲ್ಲಿ ನಿಂತು, ಜನರನ್ನು ಕರೆಯಲು ಮರದ ಹಲಗೆಯನ್ನು ಬಡಿದೇ ಬಡಿದಳು.

ಗದ್ದೆಯಾಚೆಯ ಮನೆಗಳವರು ಹೊರಗೆ ಬಂದರು. ಬಂದವರು ಅಲ್ಲಲ್ಲೇ ಮೊಣಕಾಲೂರಿ, ಕಣ್ಣು ಮುಚ್ಚಿ, ತಲೆ ಬಗ್ಗಿಸಿದರು. ಯೇಸು ಪ್ರಾಣ ಬಿಟ್ಟ ಹೊತ್ತಲ್ಲವೇ? ಹಲಗೆಯ ಸದ್ದು ಪ್ರಾರ್ಥನೆಯ ಕರೆಯೆಂದೇ ಅವರು ತಿಳಿದರು. ಕೊಸೆಸ್ ಜೋರಾಗಿ ಬಡಿದಷ್ಟೂ ಅವರು ಇನ್ನಷ್ಟು ಭಕ್ತಿಯಿಂದ ಬಗ್ಗಿದರು.

ಅಮ್ಮ ಒಬ್ಬಳನ್ನು ಹೊತ್ತು ತಂದು ಇಳಿಸಿದವರು ಆ ಕಡೆ ನೋಡಿದರು.

"ಗಂಟೆ ಎಲ್ಲುಂಟು?"

"ಇವತ್ತು ಗಂಟೆ ಮುಟ್ಟಬಾರ್ದಲ್ಲ ಅಮ್ಮ," ಎಂದಳು ಕೊಸೆಸ್. "ಫಾದರ್‌ಗೆ ಗೊತ್ತಾದ್ರೆ ನಮ್ಮ ಕತೆ ಎಂತ ಆಗುದು?"

ಅಮ್ಮ ಓಡಿಬಂದು ನನ್ನನ್ನು ಎತ್ತಿಕೊಂಡರು. ಎತ್ತಿಕೊಂಡವರು ಸುಮ್ಮನೆ ನಿಂತುಬಿಟ್ಟರು. ಆ ಕೈ ಬೆವರಿತ್ತು, ಗಡಗಡ ನಡುಗುತ್ತಿತ್ತು. ನನ್ನೊಬ್ಬನಿಗೇ ಹೆದರಿಕೆ ಎಂದುಕೊಂಡಿದ್ದೆನಲ್ಲ! ಎಷ್ಟು ಹೊತ್ತು ಹಾಗೆ ನಿಂತರೋ, ಒಂದು ನಮೋ ಮರಿಯ ಪ್ರಾರ್ಥನೆ ಹೇಳುವಷ್ಟು ಇರಬೇಕು. ಆಮೇಲೆ ಗಂಟನ್ನು ಹಲ್ಲಿನಿಂದ ಕಚ್ಚಿ ಎಳೆದು, ಬಟ್ಟೆ ಕಿತ್ತೆಸೆದು ನನ್ನನ್ನು ಬಾರಿಸಿದರು.

ಶುಭ ಶುಕ್ರವಾರದಂದು ಗಂಟೆಯ ಸದ್ದು! ಜನ ಗಾಬರಿಯಿಂದ ಕಣ್ಣು ಬಿಟ್ಟು, ಹೊಗೆ ನೋಡಿ, ಕೊಡಪಾನ ಹಿಡಿದು ಓಡಿಬಂದರು. ರೋಗಿಗಳ ನೆರಳಿಗೂ ಹೆದರುತ್ತಿದ್ದವರು ಅವರನ್ನು ಹೆಗಲ ಮೇಲೆ ಹೊತ್ತು ತಂದರು. ಆರು ಮಂದಿ ಉಳಿದರು. ಮೂಲೆಯಲ್ಲಿದ್ದ ಮುದುಕಿ ನತಾಲ್‌ಬಾಯಿ ಮೇಲೆ, ಇನ್ನೇನು ಕೈಗೆ ಸಿಕ್ಕಳು ಅನ್ನುವಾಗ, ಮಾಡು ಕುಸಿಯಿತು.

ಸೋಮವಾರ ಫಾದರ್ ಮಸ್ಕರೇನ್ಹಸ್ ಬಂದರು. ಪ್ರಾರ್ಥನಾಮಂದಿರದ ತುಂಬ ಚಾಪೆ ಹಾಸಿ ರೋಗಿಗಳನ್ನು ಮಲಗಿಸಲಾಗಿತ್ತು. ಫಾದರ್ ನನ್ನನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು.

"ಶುಕ್ರವಾರ ಇದನ್ನು ಬಾರಿಸಿದ್ದು ಹೌದಾ?"

"ಹೌದು ಫಾದರ್. ನನ್ನಿಂದ ದೊಡ್ಡ ಪಾಪ ಆಯ್ತು."

"ನಿಯಮ ಮುರಿದದ್ದಾ?"

"ಅಲ್ಲ ಫಾದರ್. ನಿಮಗೆ ಹೆದರಿ ಸ್ವಲ್ಪ ಹೊತ್ತು ನಿಂತೆ. ಆಗಲೇ ಬಾರಿಸಿದ್ರೆ ನತಾಲ್‌ಬಾಯಿ ಉಳೀತಿದ್ರು."

ಫಾದರ್ ನನ್ನನ್ನು ಮೆಲ್ಲಗೆ ಕೆಳಗಿಟ್ಟು, ರೋಗಿಗಳ ಹತ್ತಿರ ಹೋಗಿ ಕುಳಿತರು. ಮಳೆಗಾಲ ಕಳೆದು ಬಿಷಪರ ಕಾಗದ ಬಂತು. ಒಪ್ಪಿಗೆ ಸಿಕ್ಕಿತ್ತು. ಸಿಸ್ಟರುಗಳು ಹಾಡಿದರು. ಅಮ್ಮ ಮಾತ್ರ ಕಾಗದ ಹಿಡಿದುಕೊಂಡು ನತಾಲ್‌ಬಾಯಿಯ ಗೋರಿಯ ಕಡೆ ನಡೆದರು.

ಈಗ ಅಮ್ಮ ಇಲ್ಲ. ಅವರ ಸಭೆಗೆ ಹದಿನಾಲ್ಕು ಮನೆಗಳಾಗಿವೆ. ನಾನು ಮುದುಕನಾಗಿ ಗಾಜಿನ ಪೆಟ್ಟಿಗೆಯಲ್ಲಿದ್ದೇನೆ. ಕೆಳಗೆ ಒಂದು ಫಲಕದ ಮೇಲೆ "ಭಯವನ್ನೇ ಅರಿಯದ ಮಾತೆ ಬಾರಿಸಿದ ಗಂಟೆ" ಎಂದು ಬರೆದಿದ್ದಾರೆ. ಮೊನ್ನೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಅದನ್ನು ಓದಿ, "ನನಗೆ ಎಲ್ಲದಕ್ಕೂ ಹೆದರಿಕೆ. ನಾನು ಇಲ್ಲಿಗೆ ಆಗುವವಳಲ್ಲ," ಎಂದು ಅತ್ತಳು. ಆ ಬರಹ ಸುಳ್ಳು ಮಗಳೇ, ಆ ನಡುಗುವ ಕೈಯಲ್ಲಿ ಇದ್ದದ್ದು ನಾನು, ಎಂದು ಕೂಗಿ ಹೇಳಬೇಕೆನಿಸಿತು. ಜೀವಮಾನದಲ್ಲಿ ಮೊದಲ ಸಲ, ಯಾರಾದರೂ ನನ್ನನ್ನು ಬಾರಿಸಬಾರದೇ ಎಂದು ಆಸೆಪಟ್ಟೆ.