ಎರಡನೆಯ ಪೆಟ್ಟಿಗೆ

"ಈಗ ಎರಡನೇದು ಸರ್," ಅಂದ ಅಂಗಡಿಯವನು. ತಿರುಗುತ್ತಿದ್ದ ರೆಕಾರ್ಡಿನ ಮೇಲಿಂದ ಮುಳ್ಳನ್ನು ಎತ್ತಿ, ಮೇಜಿನ ಮೇಲಿದ್ದ ಎರಡು ಪೆಟ್ಟಿಗೆಗಳ ನಡುವಿನ ಸ್ವಿಚ್ಚನ್ನು ಟಕ್ ಎಂದು ಆಚೆಗೆ ತಿರುಗಿಸಿದ. ಆಮೇಲೆ ಸದ್ದಾಗದಂತೆ ಬೆರಳಲ್ಲಿ ಬಿಗಿಯಾಗಿ ಹಿಡಿದು ಅದನ್ನು ಮತ್ತೆ ಈಚೆಗೇ ತಂದುಬಿಟ್ಟ. ಮುಳ್ಳು ಇಳಿಯಿತು. ಅದೇ ಹಾಡು, ಅದೇ ಮೊದಲನೆಯ ಪೆಟ್ಟಿಗೆಯಿಂದ, ಎರಡನೆಯ ಸಲ ಶುರುವಾಯಿತು.

ಗಂಡ ಕೋಣೆಯ ನಡುವಿನ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದ. ಅವಳು ಗೋಡೆಯ ಪಕ್ಕದ ಸೋಫಾದಲ್ಲಿ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಸ್ವಿಚ್ಚು ಹೋಗಿದ್ದನ್ನೂ ಬಂದಿದ್ದನ್ನೂ ನೋಡಿದಳು. ನೋಡಿ ಆಶ್ಚರ್ಯವೇನೂ ಆಗಲಿಲ್ಲ. ಹಾಗೆ ಮಾಡು ಅಂತ ಮೊನ್ನೆ ಫೋನಿನಲ್ಲಿ ಹೇಳಿದವಳು ಅವಳೇ.

ಗಂಡ ಮೂವತ್ತೊಂದು ವರ್ಷ ರೇಡಿಯೋದ ಧ್ವನಿಮುದ್ರಣ ವಿಭಾಗದಲ್ಲಿದ್ದವನು. ಅಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದದ್ದು ಕಿವಿ ಮೇಷ್ಟ್ರು ಅಂತ. ಗಾಜಿನಾಚೆ ಯಾರೋ ಕಾಲು ಕದಲಿಸಿದರೂ "ಎಡಗಾಲು, ಹೊಸ ಚಪ್ಪಲಿ" ಅನ್ನುತ್ತಿದ್ದನಂತೆ. ಈ ಅಂಗಡಿಯವನು ಅವನ ಕೈಕೆಳಗೆ ಹತ್ತು ವರ್ಷ ಪಳಗಿ, ಕೆಲಸ ಬಿಟ್ಟು, ರೆಕಾರ್ಡು ಕೇಳುವ ದುಬಾರಿ ಯಂತ್ರಗಳ ಅಂಗಡಿ ಇಟ್ಟವನು. ನಿವೃತ್ತನಾದ ಮೇಲೆ ಗಂಡನಿಗೆ ಇದ್ದದ್ದು ಒಂದೇ ಹಂಬಲ. ಮನೆಯ ಯಂತ್ರಕ್ಕೆ ಒಳ್ಳೆಯದೊಂದು ಫೋನೋ ಸ್ಟೇಜ್ ಬೇಕು. ಮುಳ್ಳು ರೆಕಾರ್ಡಿನಿಂದ ಎತ್ತಿಕೊಳ್ಳುವ ಸದ್ದು ಇರುವೆ ಪಿಸುಗುಟ್ಟಿದಷ್ಟು ಸಣ್ಣದು. ಅದನ್ನು ಕೆಡಿಸದೆ ದೊಡ್ಡದು ಮಾಡಿ ಮುಂದಕ್ಕೆ ಕಳಿಸುವ ಪೆಟ್ಟಿಗೆ ಅದು. "ಅಲ್ಲಿ ಕೆಟ್ಟಿದ್ದು ಮುಂದೆ ಯಾವನೂ ರಿಪೇರಿ ಮಾಡೋಕಾಗಲ್ಲ ಕಣೇ," ಅಂತ ಅವಳಿಗೆ ಇನ್ನೂರು ಸಲವಾದರೂ ಹೇಳಿದ್ದ.

"ಆಹಾ!" ಗಂಡ ಕಣ್ಣು ಮುಚ್ಚಿಕೊಂಡೇ ಕೈ ಎತ್ತಿದ. "ಇದಪ್ಪಾ ಅಂದ್ರೆ. ಮೊದಲನೇದ್ರಲ್ಲಿ ಎಲ್ಲರೂ ಲಿಫ್ಟ್‌ನಲ್ಲಿ ನಿಂತ್ಕೊಂಡು ಹಾಡ್ತಿದ್ರು. ಈಗ ನೋಡು, ಬಾಗಿಲು ತೆಗೀತು. ಪಿಟೀಲಿನವನು ಎರಡು ಹೆಜ್ಜೆ ಹಿಂದೆ ಹೋದ. ಹಾಡೋಳ ಸುತ್ತ ಗಾಳಿ ಬಂತು. ಕೇಳಿಸ್ತೇನೋ?"

"ಹೂಂ ಸರ್," ಅಂದ ಅಂಗಡಿಯವನು, ಮೇಜಿನ ಅಂಚನ್ನು ನೋಡುತ್ತ.

ಈ ಗಳಿಗೆಗೆ ಅವಳು ಕಾದಿದ್ದಳು. ಎರಡು ವರ್ಷದಿಂದ ಫ್ರಿಜ್ಜಿನ ಬಾಗಿಲು ತೆರೆದೇ ಇದ್ದು ಕುಂಯ್‌ಗುಟ್ಟಿದರೂ ಅವನು ಅದರ ಮುಂದೆಯೇ ಕೂತು ಪೇಪರು ಓದುತ್ತಿದ್ದ. ಮೊಮ್ಮಗಳು ಫೋನಿನಲ್ಲಿ ಏನೇ ಹೇಳಿದರೂ "ಹೌದಾ ಪುಟ್ಟಾ, ಒಳ್ಳೇದು" ಅನ್ನುತ್ತಿದ್ದ. ಜ್ವರ ಅಂದರೂ ಒಳ್ಳೇದು. ಕಿವಿ ತೋರಿಸಿಕೊಳ್ಳಿ ಅಂದರೆ ನಗು. "ನನ್ನ ಕಿವಿನಾ? ಡಾಕ್ಟ್ರ ಕಿವಿ ಬೇಕಾದ್ರೆ ನಾನೇ ನೋಡ್ತೀನಿ." ಅದಕ್ಕೇ ಅವಳು ಅಂಗಡಿಯವನಿಗೆ ಫೋನು ಮಾಡಿದ್ದು. "ಅವರ ಒಳ್ಳೇದಕ್ಕೇ ಕಣಪ್ಪ. ವ್ಯತ್ಯಾಸವೇ ಇಲ್ಲದ ಕಡೆ ವ್ಯತ್ಯಾಸ ಹೇಳಿದ್ರೆ, ಆಗ ನೀನೇ ಮೆಲ್ಲಗೆ ತಿಳಿಸು. ನನ್ನ ಮಾತಂತೂ ಅವರ ಕಿವಿಗೆ ಹೋಗಲ್ಲ." "ನೀವು ಹೇಳಿದ್ಮೇಲೆ ಇನ್ನೇನಮ್ಮಾ," ಅಂದಿದ್ದ ಅಂಗಡಿಯವನು.

ಈಗ ಅವನು ಮೆಲ್ಲಗೆ ತಿಳಿಸಬೇಕಾದ ಹೊತ್ತು. ಅವನು ರೆಕಾರ್ಡಿನ ಖಾಲಿ ಕವರನ್ನು ತಿರುವಿ ತಿರುವಿ ನೋಡುತ್ತಿದ್ದ.

"ನೀನು ಕಲ್ತಿದೀಯ ಕಣಯ್ಯಾ," ಗಂಡ ಕಣ್ಣು ತೆರೆದ. ಅವನ ಮುಖ ಅರಳಿತ್ತು. "ಅಂಗಡಿ ತುಂಬ ಡಬ್ಬ ಜೋಡಿಸಿಡೋರು ಬೇಕಾದಷ್ಟು ಜನ. ಇಂಥದ್ದನ್ನ ಹುಡುಕಿ ತರೋನು ನೀನೊಬ್ಬ. ನನ್ನ ಹೆಸರು ಉಳಿಸಿದೆ."

ಹೊಗಳಿಕೆಯನ್ನು ಅಂಗಡಿಯವನು ಏಟಿನಂತೆ ತಗೊಂಡ. ತಲೆ ತಗ್ಗಿತು. ಅದನ್ನು ಕಂಡು ಅವಳ ಕಿವಿಯ ಬುಡ ಬಿಸಿಯಾಯಿತು. ಸಾಕು, ಬೇರೆ ದಿನ ಬರೋಣ ಅಂತ ಎಬ್ಬಿಸಿಕೊಂಡು ಹೋಗಿಬಿಡೋಣ ಅಂದುಕೊಂಡಳು. ಅಷ್ಟರಲ್ಲಿ ಗಂಡ ತಾನೇ ಎದ್ದು ಮೇಜಿನ ಹತ್ತಿರ ಬಂದ.

ಅವನದೊಂದು ಹಳೆಯ ಅಭ್ಯಾಸ. ಮೆಚ್ಚಿದ ಯಂತ್ರದ ಮೇಲೆ ಅಂಗೈ ಇಡುವುದು, ಮಗುವಿನ ಹಣೆ ಮುಟ್ಟಿ ನೋಡಿದ ಹಾಗೆ. ಎರಡನೆಯ ಪೆಟ್ಟಿಗೆ ವಾಲ್ವುಗಳದ್ದು. ಒಳಗಿನ ಗಾಜಿನ ಬುರುಡೆಗಳು ಕೆಂಪಗೆ ಉರಿದರೇನೇ ಅದು ಕೆಲಸ ಮಾಡುವುದು. ಅಂಥದ್ದು ಅರ್ಧ ಗಂಟೆಯಲ್ಲಿ ದೋಸೆಕಲ್ಲಿನಂತೆ ಕಾಯುತ್ತದೆ. ಅವನು ಅಂಗೈ ಇಟ್ಟ. ತೆಗೆದ. ಮತ್ತೆ ಇಟ್ಟ.

"ತಣ್ಣಗಿದೆಯಲ್ಲೋ."

ಹಾಡು ನಡೆಯುತ್ತಲೇ ಇತ್ತು.

"ಇದು ಆನ್ ಆಗೇ ಇಲ್ಲ."

"ನನ್ನ ತಪ್ಪು ಸರ್. ಮರೆತೇಬಿಟ್ಟೆ. ಅದು..." ಅಂಗಡಿಯವನು ಮುಳ್ಳನ್ನೆತ್ತಲು ಹೋದ, ಅದು ಜಾರಿ ಕರ್ರ್ ಅಂತ ಸದ್ದಾಯಿತು. ಇಂಥ ತಪ್ಪು ಅವನು ಮಾಡುವವನಲ್ಲ ಅಂತ ಅವನಿಗೆ ಕಲಿಸಿದವನಿಗೇ ಗೊತ್ತಿರಲಿಲ್ಲವೇ? ಅಂಗಡಿಯವನ ಕಣ್ಣು ಸೋಫಾದ ಕಡೆ ಹೋಯಿತು. ಒಂದೇ ಸಲ. ಗಂಡನ ಕಣ್ಣೂ ಅದರ ಹಿಂದೆಯೇ ಬಂತು.

ಕೂಗಾಡಿದ್ದರೆ ಚೆನ್ನಾಗಿತ್ತು. ಅವನು ಬಂದು ಸೋಫಾದ ಇನ್ನೊಂದು ತುದಿಯಲ್ಲಿ ಕೂತ.

"ಕಿವಿ ತೋರಿಸಿಕೊಳ್ಳಿ ಅಂತ ಎಷ್ಟು ಸಲ ಹೇಳಿದ್ದೆ ನೀನು?"

"ಮೂರು ಸಲ."

"ನಾನು ನಕ್ಕುಬಿಟ್ಟೆ."

"ಹೂಂ."

"ಅದು ನನ್ನ ತಪ್ಪೇ." ಅವನು ತನ್ನ ಅಂಗೈಯನ್ನು ನೋಡಿಕೊಂಡ. "ಮನೇಲೇ ಏನಾದ್ರೂ ಮಾಡಿ ತೋರಿಸಬಹುದಿತ್ತಲ್ಲೇ. ಇವನ ಮುಂದೆ ಯಾಕೆ?"

ಅವರ ಒಳ್ಳೇದಕ್ಕೇ ಅಂತ ಫೋನಿನಲ್ಲಿ ಹೇಳಿದ್ದು ನಾಲಗೆಯ ತುದಿಗೆ ಬಂತು. ಬಂದರೂ ಹೊರಗೆ ಬರಲಿಲ್ಲ. ಮದುವೆಯಾದ ಹೊಸತರಲ್ಲಿ ಅವಳು ಬಟ್ಟೆ ಮಡಚುತ್ತ ಏನಾದರೂ ಗುನುಗುತ್ತಿದ್ದಳು. "ಶ್ರುತಿ ಬಿಟ್ಟೆ," ಅನ್ನುತ್ತಿದ್ದ ಅವನು, ಒಳಗಿನ ಕೋಣೆಯಿಂದ, ಸಿಟ್ಟಿಲ್ಲದೆ, ಹಾಲು ಉಕ್ಕುತ್ತಿದೆ ಅಂದ ಹಾಗೆ. ಒಮ್ಮೆ ಅತ್ತೆ, ನಾದಿನಿ ಎಲ್ಲರೂ ಕೂತಿದ್ದಾಗಲೂ ಅಂದಿದ್ದ, ಎಲ್ಲರೂ ನಕ್ಕಿದ್ದರು. ಆಮೇಲೆ ಅವಳು ಗುನುಗಲಿಲ್ಲ. ಅದು ಅವನ ಗಮನಕ್ಕೆ ಬಂದಿತ್ತೋ ಇಲ್ಲವೋ. ಇವನ ಮುಂದೆ ಯಾಕೆ ಅಂದರೆ, ನೋಡುವವರೊಬ್ಬರು ಬೇಕಿತ್ತು. ಅಷ್ಟೇ. ಅಷ್ಟು ವರ್ಷದ್ದನ್ನು ಕಾಪಿಟ್ಟುಕೊಂಡು ಬಂದು, ಕಣ್ಣು ಮುಚ್ಚಿ ಕೂತವನ ಮೇಲೆ ಎಸೆದಿದ್ದಳು. ಅವಳಿಗೆ ಆ ಸೋಫಾದೊಳಗೇ ಇಂಗಿಹೋಗಬೇಕು ಅನ್ನಿಸಿತು.

"ತಪ್ಪಾಯ್ತು ರೀ," ಅಂದಳು. ಧ್ವನಿ ಸಣ್ಣದಾಗಿತ್ತು. ಅವನಿಗೆ ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ. ಇನ್ನೊಂದು ಸಲ ಗಟ್ಟಿಯಾಗಿ ಹೇಳುವ ಧೈರ್ಯ ಬರಲಿಲ್ಲ.

"ಆನ್ ಮಾಡಪ್ಪ," ಅಂದ ಗಂಡ, ಅಂಗಡಿಯವನಿಗೆ. "ಬಿಸಿಯಾಗಲಿ. ನೀನ್ಯಾಕೆ ಶವ ಹೊತ್ತವನ ಹಾಗೆ ನಿಂತಿದೀಯ? ಒಂದು ಲೋಟ ನೀರು ಕೊಡು."

ಮೂವರೂ ಕಾದರು. ಕರಿ ಪೆಟ್ಟಿಗೆಯ ಜಾಲರಿಯ ಹಿಂದೆ ಬುರುಡೆಗಳು ಒಂದೊಂದಾಗಿ ಕೆಂಪಾದವು. ಗಂಡ ಎದ್ದು ಹೋಗಿ ಅಂಗೈ ಇಟ್ಟು ನೋಡಿ, ತಲೆಯಾಡಿಸಿದ. ಆಮೇಲೆ ಅವಳ ಕಡೆ ತಿರುಗಿದ.

"ಬಾ. ಇಲ್ಲಿ ಕೂತ್ಕೋ."

"ನನಗೇನು ಗೊತ್ತಾಗತ್ತೆ ರೀ? ನಾನು ಶ್ರುತಿ ಬಿಟ್ಟವಳು."

ಅವನು ಅವಳನ್ನೇ ನೋಡಿದ. ಏನೋ ನೆನಪಿಸಿಕೊಳ್ಳುವವನ ಹಾಗೆ ನೋಡಿದ. "ನಿನಗೆ ಕೇಳಿಸತ್ತಲ್ಲ," ಅಂದ ಕೊನೆಗೆ. "ಕೂತ್ಕೋ."

ಕುರ್ಚಿ ಇನ್ನೂ ಅವನ ಮೈಯಿಂದ ಬೆಚ್ಚಗಿತ್ತು. ಅವನ ಮುಖ ನೋಡಲಾರದೆ ಅವಳು ಕಣ್ಣು ಮುಚ್ಚಿದಳು. ಮೊದಲು ಒಂದನೆಯದು, ಆಮೇಲೆ ಟಕ್ ಎಂದು ಎರಡನೆಯದು. ಈ ಸಲ ಸ್ವಿಚ್ಚು ಹೋದಲ್ಲೇ ಉಳಿಯಿತು.

"ಹೇಳು," ಅಂದ, ಹತ್ತಿರದಲ್ಲೇ ಎಲ್ಲೋ ನಿಂತು.

"ಹಾಡೋಕೆ ಮುಂಚೆ ಅವಳು ಉಸಿರು ತಗೋತಾಳೆ."

"ಮೊದಲನೇದ್ರಲ್ಲಿ?"

"ಗೊತ್ತಾಗ್ಲಿಲ್ಲ."

"ಇನ್ನೇನು?"

"ತುಟಿ ಬಿಡಿಸಿದ್ದು ಕೇಳತ್ತೆ. ಹಿಂದೆ ಯಾರೋ... ಕುರ್ಚಿ ಇರಬೇಕು, ಕಿರ್ ಅಂತು."

"ಕುರ್ಚಿನಾ?" ಅವನ ಧ್ವನಿ ಅವಳ ಭುಜದ ಹತ್ತಿರಕ್ಕೆ ಬಗ್ಗಿತ್ತು. "ಆಮೇಲೆ?"

ಅವಳು ಒಂದೊಂದನ್ನೇ ಹೇಳುತ್ತಾ ಹೋದಳು. ಹಾಡು ಮುಗಿಯಿತು. ಮುಳ್ಳು ರೆಕಾರ್ಡಿನ ಕೊನೆಯ ಖಾಲಿ ಗೆರೆಯಲ್ಲಿ ಸುತ್ತತೊಡಗಿತು, ಸುತ್ತಿಗೊಂದು ಸಣ್ಣ ಚಿಟ್ ಸದ್ದು. ಅಂಗಡಿಯವನು ಅದನ್ನೆತ್ತಲು ಹೆಜ್ಜೆಯಿಟ್ಟದ್ದು ತಿಳಿಯಿತು.

"ಇರಯ್ಯಾ," ಗಂಡ ಪಿಸುಗುಟ್ಟಿದ. "ಅವಳಿಗೆ ಇನ್ನೂ ಏನೋ ಕೇಳಿಸ್ತಿದೆ."

ಅವಳು ಕಣ್ಣು ತೆರೆಯಲಿಲ್ಲ.